ಟೈರಿನ ಮೇಲೆ ಬರೆದಿರುವ ಭಾರ

ಲಾರಿ ಇರುವ ಮನೆಗಳಲ್ಲಿ ಮದುವೆ ಬಿಟ್ಟರೆ ಹೆಚ್ಚು ಚರ್ಚೆಯಾಗುವ ಖರ್ಚು ಟೈರಿನದು. ಡೀಸೆಲ್ ದಿನಾ ಹಾಕಿಸಲೇಬೇಕು, ಅದರ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ. ಕಂತಿನ ದುಡ್ಡು ತಿಂಗಳಿಗೊಮ್ಮೆ ಖಾತೆಯಿಂದ ತಾನಾಗಿಯೇ ಹೋಗುತ್ತೆ. ಟೈರು ಹಾಗಲ್ಲ. ಇವತ್ತು ಬದಲಾಯಿಸಬಹುದು, ಮುಂದಿನ ತಿಂಗಳಿಗೆ ತಳ್ಳಬಹುದು, ಹಳೆಯದಕ್ಕೇ ರಬ್ಬರ್ ಹಾಕಿಸಬಹುದು. ಹೀಗೆ ಆಯ್ಕೆ ಇರುವ ಕಡೆಯೇ ಜಗಳ ಹುಟ್ಟುವುದು.

ನಮ್ಮ ಮನೆಯಲ್ಲಿ ಹತ್ತು ಚಕ್ರದ ಒಂದು ಟಿಪ್ಪರ್ ಇದೆ. ಅಣ್ಣ ಓಡಿಸುತ್ತಾನೆ. ಅಪ್ಪ ಮೊದಲು ಕ್ಲೀನರ್ ಆಗಿ, ಆಮೇಲೆ ಡ್ರೈವರ್ ಆಗಿ ಬೇರೆಯವರ ಲಾರಿಗಳಲ್ಲೇ ಆಯಸ್ಸು ಕಳೆದವರು. ಅಮ್ಮ ಲೆಕ್ಕ ಬರೆಯುತ್ತಾರೆ. ನಾವಿಬ್ಬರು ಅಕ್ಕತಂಗಿಯರು ಪತ್ರಿಕೋದ್ಯಮ ಓದಿ, ಈಗ ಈ ಬ್ಲಾಗಿಗೆ ಬರೆಯುತ್ತೇವೆ. ಸ್ಟಿಯರಿಂಗ್ ಹಿಡಿದಿಲ್ಲ. ಆದರೆ ಈ ಸಲ ಟೈರು ತರಬೇಕಾದಾಗ ಅಮ್ಮ ನಮ್ಮನ್ನೇ ಕೂರಿಸಿಕೊಂಡು, "ಅಷ್ಟೆಲ್ಲಾ ಓದಿದ್ದೀರಲ್ಲ, ಟೈರಿನ ಮೇಲೆ ಏನು ಬರೆದಿದೆ ಅಂತ ಓದಿ ಹೇಳಿ" ಎಂದರು. ಓದಿದೆವು. ಓದಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮ ಮನೆಯಲ್ಲೂ ಟಿಪ್ಪರ್ರೋ, ಕಬ್ಬಿನ ಲಾರಿಯೋ ಇದ್ದರೆ ಉಪಯೋಗಕ್ಕೆ ಬರಬಹುದು.

ಬೇಕಿದ್ದದ್ದು ಆರು ಟೈರು. ಮುಂದೆ ಎರಡು, ಹಿಂದೆ ನಾಲ್ಕು. ಒಂದಕ್ಕೆ ಇಪ್ಪತ್ತೊಂದು ಸಾವಿರ ಅಂದರೂ ಒಂದು ಲಕ್ಷದ ಇಪ್ಪತ್ತಾರು ಸಾವಿರ. ಮನೆಯಲ್ಲಿದ್ದದ್ದು ಕೊಬ್ಬರಿ ಮಾರಿದ ಹಣ. ಅದನ್ನು ಕೊಳವೆಬಾವಿಯ ಮೋಟಾರಿಗೆ ಎತ್ತಿಟ್ಟಿದ್ದೆವು. ಟೈರಿಗೆ ಹಾಕಿದರೆ ತೋಟಕ್ಕೆ ನೀರಿಲ್ಲ, ಹಾಕದಿದ್ದರೆ ಗಾಡಿ ನಿಲ್ಲುತ್ತೆ, ಗಾಡಿ ನಿಂತರೆ ಕಂತು ನಿಲ್ಲುತ್ತೆ.

ಮೊದಲು ದಾರಿ ನೋಡಬೇಕು

ಟೈರ್ ಅಂಗಡಿಗೆ ಹೋದ ಕೂಡಲೇ "ಯಾವ ಕಂಪನಿದು ಚೆನ್ನಾಗಿದೆ?" ಅಂತ ಕೇಳುತ್ತೇವೆ. ಪಂಕ್ಚರ್ ಅಂಗಡಿಯ ಭಾಯ್ ಹೇಳಿದ್ದು ಬೇರೆ: "ಕಂಪನಿ ಆಮೇಲೆ ಕೇಳಮ್ಮಾ, ಮೊದಲು ಗಾಡಿ ಎಲ್ಲಿ ಓಡುತ್ತೆ ಹೇಳು."

ನಮ್ಮ ಗಾಡಿ ತುಮಕೂರು ಕಡೆಯ ಕ್ರಷರ್‌ನಿಂದ ಎಂ-ಸ್ಯಾಂಡ್, ಜಲ್ಲಿ ತುಂಬಿಕೊಂಡು ಬೆಂಗಳೂರಿನ ಹೊರವಲಯಕ್ಕೆ ಹೋಗುತ್ತೆ. ಒಂದು ಕಡೆಗೆ ಸುಮಾರು 80 ಕಿಲೋಮೀಟರ್. ಮೊದಲ ನಾಲ್ಕು ಕಿಲೋಮೀಟರ್ ಕ್ರಷರ್ ರಸ್ತೆ, ಪೂರ್ತಿ ಚೂಪು ಕಲ್ಲು. ಉಳಿದದ್ದೆಲ್ಲ ಡಾಂಬರು, ಅದರಲ್ಲಿ ಬಹುಪಾಲು ಹೈವೇ. ಕಲ್ಲಿನ ದಾರಿಯಲ್ಲಿ ಟೈರು ಸಾಯುವುದು ಕಟ್ ಬಿದ್ದು. ಹೈವೇಯಲ್ಲಿ ಸಾಯುವುದು ಬಿಸಿಯಾಗಿ. ಎರಡೂ ಕಾಯಿಲೆಗೆ ಒಂದೇ ಮದ್ದಿಲ್ಲ. ಇಡೀ ದಿನ ಕ್ವಾರಿಯೊಳಗೇ ಓಡುವ ಗಾಡಿಗೆ ಹೊಂದುವ ಟೈರು ನಮ್ಮದಕ್ಕೆ ಹೊಂದಲ್ಲ. ಹುಬ್ಬಳ್ಳಿ, ಪುಣೆ ಅಂತ ಲಾಂಗ್ ಹೋಗುವ ಲಾರಿಯ ಟೈರೂ ನಮಗೆ ಹೊಂದಲ್ಲ.

ಅಕ್ಷರಗಳು ಏನು ಹೇಳುತ್ತವೆ

ಅಂಗಳದಲ್ಲಿ ನಿಂತಿದ್ದ ಗಾಡಿಯ ಹಿಂದಿನ ಟೈರನ್ನು ತೊಳೆದು ಓದಿದೆವು. ಅದರ ಮೇಲೆ 10.00 ಆರ್ 20, 16 ಪಿಆರ್, 146/143 ಕೆ ಎಂದಿತ್ತು.

10.00 ಅಂದರೆ ಟೈರಿನ ಅಗಲ, ಇಂಚಿನಲ್ಲಿ. 20 ಅಂದರೆ ಡಿಸ್ಕಿನ ಅಳತೆ, ಅದೂ ಇಂಚಿನಲ್ಲೇ. ನಡುವೆ ಆರ್ ಇದ್ದರೆ ರೇಡಿಯಲ್. ಆರ್ ಬದಲು ಬರೀ ಗೀಟು ಇದ್ದರೆ ನೈಲಾನ್. 16 ಪಿಆರ್ ಅನ್ನುವುದು ಟೈರಿನ ಗಟ್ಟಿತನದ ದರ್ಜೆ. ಹಿಂದೆ ಅದು ಬಟ್ಟೆಯ ಪದರಗಳ ಲೆಕ್ಕವಾಗಿತ್ತು. ಈಗ ಒಳಗೆ ಹದಿನಾರು ಪದರ ಇರಲೇಬೇಕು ಅಂತೇನಿಲ್ಲ.

ನಮಗೆ ಮುಖ್ಯವಾದದ್ದು 146/143. ಇದು ಭಾರದ ಗುರುತು. ಇದಕ್ಕೊಂದು ಪಟ್ಟಿ ಇದೆ, ಎಲ್ಲ ಕಂಪನಿಗೂ ಒಂದೇ. 146 ಅಂದರೆ 3000 ಕೆ.ಜಿ. 143 ಅಂದರೆ 2725 ಕೆ.ಜಿ. ಒಂಟಿಯಾಗಿ ಹಾಕಿದಾಗ ಮೊದಲನೆಯ ಅಂಕಿ, ಜೋಡಿಯಾಗಿ ಹಾಕಿದಾಗ ಎರಡನೆಯದು. ಕೊನೆಯ ಕೆ ವೇಗದ ಗುರುತು, ಗಂಟೆಗೆ 110 ಕಿಲೋಮೀಟರ್.

ಈಗ ಇದನ್ನು ಗಾಡಿಗೆ ಹೊಂದಿಸಿ ನೋಡಿ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿ ಏರಿಸಿತು. ಮುಂದಿನ ಆಕ್ಸಲ್‌ಗೆ 6 ಟನ್ ಇದ್ದದ್ದು 7 ಟನ್ ಆಯಿತು. ಹಿಂದಿನ ಜೋಡಿ ಆಕ್ಸಲ್‌ಗೆ 19 ಇದ್ದದ್ದು 21 ಆಯಿತು. 7 ಮತ್ತು 21 ಕೂಡಿದರೆ 28 ಟನ್, ಹತ್ತು ಚಕ್ರದ ಹೊಸ ಗಾಡಿಗಳ ಒಟ್ಟು ಭಾರ.

ಹಿಂದೆ ಎಂಟು ಟೈರು. 21 ಟನ್ನನ್ನು ಎಂಟರಿಂದ ಭಾಗಿಸಿದರೆ ಒಂದೊಂದು ಟೈರಿನ ಮೇಲೆ 2625 ಕೆ.ಜಿ. ಟೈರು ಹೊರುತ್ತೇನೆ ಅಂತ ಹೇಳಿರುವುದು 2725. ಉಳಿದದ್ದು ನೂರೇ ಕೆ.ಜಿ. ಎರಡು ಮೂಟೆ ಸಿಮೆಂಟ್ ಇಟ್ಟರೆ ಮುಗಿಯಿತು.

ಮುಂದಿನದು ಇನ್ನೂ ಬಿಗಿ. 7 ಟನ್ನನ್ನು ಎರಡರಿಂದ ಭಾಗಿಸಿದರೆ 3500. 146ರ ಟೈರು ಹೊರುವುದು 3000. ಅಂದರೆ ಕಾನೂನು 7 ಟನ್ ಬಿಟ್ಟಿದೆ ಅಂದ ಮಾತ್ರಕ್ಕೆ ಟೈರು ಒಪ್ಪಿದೆ ಅಂತಲ್ಲ. ನಿಮ್ಮ ಆರ್‌ಸಿಯಲ್ಲಿ ಮುಂದಿನ ಆಕ್ಸಲ್ ಭಾರ ಎಷ್ಟು ಬರೆದಿದೆ ನೋಡಿ, ಎರಡರಿಂದ ಭಾಗಿಸಿ, ಅದಕ್ಕಿಂತ ಕಡಿಮೆ ಗುರುತಿನ ಟೈರು ಮುಂದೆ ಹಾಕಬೇಡಿ. 152 ಗುರುತಿದ್ದರೆ 3550 ಕೆ.ಜಿ. ಹೊರುತ್ತೆ. ನಿಧಾನವಾಗಿ ಓಡಿದರೆ ಸ್ವಲ್ಪ ಹೆಚ್ಚು ಹೊರಬಹುದು ಅಂತ ಕಂಪನಿಗಳ ಪಟ್ಟಿಯಲ್ಲಿ ಇರುತ್ತೆ. ಅದು ಕ್ವಾರಿಯೊಳಗಿನ ಓಟಕ್ಕೆ, ಹೈವೇಗಲ್ಲ.

ಈ ಲೆಕ್ಕ ಮಾಡಿದ ರಾತ್ರಿ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಯಾಕೆಂದರೆ ಅದೇ ವಾರ ಮರಳು ತರಿಸಿಕೊಳ್ಳುವ ಕಂಟ್ರಾಕ್ಟರ್ ಒಬ್ಬರು ಅಣ್ಣನಿಗೆ ಒಂದು ಮಾತು ಹೇಳಿದ್ದರು: "ಟ್ರಿಪ್ಪಿಗೆ ಐದು ಟನ್ ಜಾಸ್ತಿ ಹಾಕ್ಕೊಂಡು ಬಾ, ಎಂಟುನೂರು ಸೇರಿಸಿ ಕೊಡ್ತೀನಿ. ಗಟ್ಟಿ ಟೈರ್ ಹಾಕ್ಸು, ಏನೂ ಆಗಲ್ಲ."

ಗಟ್ಟಿ ಟೈರ್ ಅಂದರೆ ಏನು?

ಆ ಐದು ಟನ್ನಿನಲ್ಲಿ ನಾಲ್ಕು ಟನ್ ಹಿಂದಿನ ಆಕ್ಸಲ್‌ಗಳ ಮೇಲೆ ಕೂತರೂ ಒಟ್ಟು 25 ಟನ್. ಎಂಟು ಟೈರಿಗೆ ಹಂಚಿದರೆ ತಲಾ 3125 ಕೆ.ಜಿ. ಟೈರು ಒಪ್ಪಿಕೊಂಡ ಭಾರಕ್ಕಿಂತ 400 ಕೆ.ಜಿ. ಹೆಚ್ಚು. ಅದೂ ಎಂಟರಲ್ಲಿ ಒಂದಕ್ಕೂ ಗಾಳಿ ಕಡಿಮೆ ಇಲ್ಲದಿದ್ದರೆ, ರಸ್ತೆ ಒಂದು ಕಡೆಗೆ ವಾಲದಿದ್ದರೆ.

ನೈಲಾನೋ ರೇಡಿಯಲ್ಲೋ

ಅಪ್ಪ ನೈಲಾನ್ ಪಕ್ಷ, ಅಣ್ಣ ರೇಡಿಯಲ್ ಪಕ್ಷ. ಇಬ್ಬರ ಮಾತಿನಲ್ಲೂ ಸತ್ಯವಿದೆ.

ನೈಲಾನ್ ಟೈರಿನಲ್ಲಿ ದಾರದ ಪದರಗಳು ಚಾಪೆ ಹೆಣೆದ ಹಾಗೆ ಓರೆಯಾಗಿ ಒಂದರ ಮೇಲೊಂದು ಬರುತ್ತವೆ. ಪಕ್ಕವೂ ಮೇಲ್ಭಾಗವೂ ಒಂದೇ ಸಮ ಗಟ್ಟಿ. ಕಲ್ಲು ಪಕ್ಕಕ್ಕೆ ತಾಗಿದರೂ ತಡೆಯುತ್ತೆ. ಆದರೆ ಉರುಳುವಾಗ ಪದರಗಳು ಒಂದಕ್ಕೊಂದು ಉಜ್ಜಿಕೊಂಡು ಬಿಸಿಯಾಗುತ್ತವೆ. ರೇಡಿಯಲ್‌ನಲ್ಲಿ ಉಕ್ಕಿನ ತಂತಿಗಳು ಈ ಅಂಚಿನಿಂದ ಆ ಅಂಚಿಗೆ ನೇರವಾಗಿ ಹೋಗುತ್ತವೆ, ರಸ್ತೆಗೆ ತಾಗುವ ಭಾಗದ ಕೆಳಗೆ ಉಕ್ಕಿನ ಪಟ್ಟಿ ಇರುತ್ತೆ. ಬಿಸಿ ಕಡಿಮೆ, ಸವೆತ ಕಡಿಮೆ, ಡೀಸೆಲ್ಲೂ ಸ್ವಲ್ಪ ಉಳಿಯುತ್ತೆ. ಆದರೆ ಪಕ್ಕ ತೆಳ್ಳಗೆ. ಚೂಪು ಕಲ್ಲು ಪಕ್ಕಕ್ಕೆ ಕೊಯ್ದರೆ ಟೈರು ಅಲ್ಲಿಗೆ ಮುಗಿಯಿತು.

ರೇಡಿಯಲ್ ಹೊಸ ವಸ್ತುವೇನಲ್ಲ. ಫ್ರಾನ್ಸಿನ ಮಿಶೆಲಿನ್ ಕಂಪನಿ ಅದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದು 1946ರಲ್ಲಿ. ಅಪ್ಪನ ಕಾಲದ ಲಾರಿಗಳಲ್ಲಿ ಮಾತ್ರ ಎಲ್ಲಿ ನೋಡಿದರೂ ನೈಲಾನೇ. ಮೈಸೂರಿನ ವಿಕ್ರಾಂತ್ ಟೈರಿನ ಹೆಸರನ್ನು ಅವರು ಈಗಲೂ ನಮ್ಮೂರಿನ ಹುಡುಗನ ಹೆಸರು ಹೇಳುವ ಹಾಗೆ ಹೇಳುತ್ತಾರೆ. ಆ ಕಾರ್ಖಾನೆ 1997ರಲ್ಲಿ ಜೆ.ಕೆ. ಟೈರ್ ಕೈಗೆ ಹೋಯಿತು.

ವಾದ ನಿಲ್ಲಿಸಿದ್ದು ಅಮ್ಮನ ಪುಸ್ತಕ. ಅಮ್ಮ ಒಂದೊಂದು ಟೈರಿಗೂ ಒಂದೊಂದು ಸಾಲು ಬರೆದಿಟ್ಟಿದ್ದಾರೆ: ಯಾವತ್ತು ಹಾಕಿದ್ದು, ಮೀಟರ್ ಎಷ್ಟಿತ್ತು, ಯಾವತ್ತು ಇಳಿಸಿದ್ದು, ಯಾಕೆ ಇಳಿಸಿದ್ದು. ನಮ್ಮ ಗಾಡಿಗೆ ಹಿಂದೆ ಒಂದು ಸಲ ಪೂರ್ತಿ ನೈಲಾನ್, ಒಂದು ಸಲ ಪೂರ್ತಿ ರೇಡಿಯಲ್ ಹಾಕಿ ಓಡಿಸಿದ್ದೆವು. ಹಿಂದಿನ ಎಂಟು ಟೈರಿನ ಲೆಕ್ಕ ತೆಗೆದೆವು.

ನೈಲಾನ್ ಒಂದಕ್ಕೆ 15,000. ಎಂಟೂ ಸುಮಾರು 30,000 ಕಿಲೋಮೀಟರ್ ಓಡಿದವು. ಒಂದು ಟೈರು ಒಂದು ಕಿಲೋಮೀಟರ್ ಓಡಲು 50 ಪೈಸೆ.

ರೇಡಿಯಲ್ ಒಂದಕ್ಕೆ 21,000. ಆರು ಟೈರು 50,000 ಓಡಿದವು. ಎರಡು ಮಾತ್ರ ಕ್ರಷರ್ ರಸ್ತೆಯಲ್ಲಿ ಪಕ್ಕ ಕೊಯ್ದು 18,000ಕ್ಕೆ ಒಂದು, 20,000ಕ್ಕೆ ಒಂದು ಹೋದವು. ಎಲ್ಲ ಕೂಡಿಸಿ ಭಾಗಿಸಿದರೆ ಅದೂ 50 ಪೈಸೆಯೇ!

ಅಪ್ಪ ನಕ್ಕರು. ಅಣ್ಣ "ರಬ್ಬರ್ ಹಾಕಿಸಿದ್ದನ್ನೂ ಸೇರಿಸಿ" ಅಂದ. ಸೇರಿಸಿದೆವು. ಎಂಟು ನೈಲಾನ್‌ನಲ್ಲಿ ರಬ್ಬರ್ ಹಾಕಿಸಲು ಯೋಗ್ಯವಾಗಿ ಉಳಿದದ್ದು ನಾಲ್ಕು. ತಲಾ 5,500 ಕೊಟ್ಟೆವು, ಇನ್ನೂ 20,000 ಓಡಿದವು. ರೇಡಿಯಲ್ ಆರಕ್ಕೆ ಆರೂ ಯೋಗ್ಯವಾಗಿದ್ದವು. ತಲಾ 6,500, ಇನ್ನೂ 30,000 ಓಡಿದವು. ಈಗ ನೈಲಾನ್ 44 ಪೈಸೆ, ರೇಡಿಯಲ್ 40 ಪೈಸೆ. ತಿಂಗಳಿಗೆ 4,000 ಕಿಲೋಮೀಟರ್ ಓಡುವ ನಮ್ಮ ಗಾಡಿಗೆ ಎಂಟು ಟೈರಿನ ಮೇಲೆ ಸುಮಾರು 1,400 ರೂಪಾಯಿ ಉಳಿತಾಯ, ಡೀಸೆಲ್ ಬಿಟ್ಟು.

ಇದು ನಮ್ಮ ದಾರಿಯ ಲೆಕ್ಕ. ನಿಮ್ಮ ದಾರಿಯಲ್ಲಿ ಕಲ್ಲು ನಾಲ್ಕು ಕಿಲೋಮೀಟರಿನ ಬದಲು ಹದಿನಾಲ್ಕು ಇದ್ದರೆ ಎಂಟರಲ್ಲಿ ಎರಡಲ್ಲ, ನಾಲ್ಕು ಕೊಯ್ದುಕೊಳ್ಳಬಹುದು. ಆಗ ನೈಲಾನೇ ಗೆಲ್ಲುತ್ತೆ. ಅಂಗಡಿಯವರು ಹೇಳುವ ಕಿಲೋಮೀಟರ್‌ಗಿಂತ ನಿಮ್ಮ ಮನೆಯ ಪುಸ್ತಕದ ಕಿಲೋಮೀಟರ್ ನಂಬಿ. ಪುಸ್ತಕ ಇಲ್ಲದಿದ್ದರೆ ಇವತ್ತೇ ಶುರು ಮಾಡಿ, ಹತ್ತು ರೂಪಾಯಿ ನೋಟ್‌ಬುಕ್ ಸಾಕು.

ಎರಡು ಬಗೆಯನ್ನೂ ಒಂದೇ ಆಕ್ಸಲ್‌ಗೆ ಮಾತ್ರ ಹಾಕಬೇಡಿ. ಎರಡರ ಉರುಳುವ ರೀತಿ ಬೇರೆ, ಬ್ರೇಕ್ ಹಾಕಿದಾಗ ಗಾಡಿ ಎಳೆಯುತ್ತೆ.

ಹಲ್ಲು ಮತ್ತು ಗೆರೆ

ಮುಂದಿನ ಟೈರಿಗೆ ಉದ್ದುದ್ದ ಗೆರೆ ಇರುವ ರಿಬ್. ಸ್ಟಿಯರಿಂಗ್ ಹಗುರವಾಗಿ ತಿರುಗುತ್ತೆ, ಮಳೆಯಲ್ಲಿ ನೀರು ಗೆರೆಯಲ್ಲಿ ಹೊರಗೆ ಹೋಗುತ್ತೆ. ಹಿಂದೆ ಎಳೆಯುವ ಟೈರಿಗೆ ದಪ್ಪ ಹಲ್ಲಿನ ಲಗ್. ಕೆಸರಿನಲ್ಲಿ, ಕ್ರಷರ್ ಏರಿನಲ್ಲಿ ಅದು ಕಚ್ಚಿ ಹಿಡಿಯುತ್ತೆ. ಆದರೆ ಹಲ್ಲು ಆಳವಾದಷ್ಟೂ ರಬ್ಬರ್ ಜಾಸ್ತಿ, ರಬ್ಬರ್ ಜಾಸ್ತಿಯಾದಷ್ಟೂ ಹೈವೇಯಲ್ಲಿ ಬಿಸಿ ಜಾಸ್ತಿ. ಕ್ವಾರಿಗೆಂದೇ ಮಾಡಿದ ತೀರಾ ಆಳದ ಹಲ್ಲಿನ ಟೈರು ನಮಗೆ ಬೇಡ ಅಂತ ಭಾಯ್ ಹೇಳಿದ್ದು ಅದಕ್ಕೇ. ರಸ್ತೆಗೂ ಕಲ್ಲಿಗೂ ಎರಡಕ್ಕೂ ಅಂತ ಮಾಡಿದ ಮಧ್ಯಮ ಹಲ್ಲಿನ ರೇಡಿಯಲ್ ತೋರಿಸಿದರು.

ರಬ್ಬರ್ ಹಾಕಿಸಿದ ಟೈರು, ಅಂದರೆ ರೀಟ್ರೆಡ್, ಕೆಟ್ಟದ್ದಲ್ಲ. ಒಳಗಿನ ಮೈ ಚೆನ್ನಾಗಿದ್ದರೆ ಹಿಂದೆ ಧೈರ್ಯವಾಗಿ ಹಾಕಬಹುದು. ಪೂರ್ತಿ ಸವೆಯುವವರೆಗೆ ಓಡಿಸಿದರೆ ಮೈಗೇ ಪೆಟ್ಟು, ಆಮೇಲೆ ರಬ್ಬರ್ ಹಾಕಿಸುವವರು ವಾಪಸ್ ಕಳಿಸುತ್ತಾರೆ. ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತೆ ನೋಡಿ, ಪಕ್ಕದಲ್ಲಿ ಟಿಡಬ್ಲ್ಯುಐ ಅಂತ ಬರೆದಿರುತ್ತೆ. ರಬ್ಬರ್ ಸವೆದು ಆ ದಿಬ್ಬಕ್ಕೆ ಸಮ ಬಂತು ಅಂದರೆ ಉಳಿದಿರುವುದು 1.6 ಮಿಲಿಮೀಟರ್ ಮಾತ್ರ. ಅದಕ್ಕಿಂತ ಸ್ವಲ್ಪ ಮೊದಲೇ ಇಳಿಸಿದರೆ ಟೈರಿಗೆ ಎರಡನೇ ಜನ್ಮ ಉಂಟು.

ಆದರೆ ಮುಂದಕ್ಕೆ ರೀಟ್ರೆಡ್ ಬೇಡ. ಇದರಲ್ಲಿ ಅಪ್ಪನಿಗೂ ಅಣ್ಣನಿಗೂ ಒಂದೇ ಮಾತು. ಹಿಂದೆ ಒಂದು ಟೈರು ಸಿಡಿದರೆ ಪಕ್ಕದ್ದು ಹಿಡಿದುಕೊಳ್ಳುತ್ತೆ, ಗಾಡಿ ಪಕ್ಕಕ್ಕೆ ತಂದು ನಿಲ್ಲಿಸಬಹುದು. ಮುಂದಿನದು ಸಿಡಿದರೆ ಸ್ಟಿಯರಿಂಗ್ ಕೈಯಲ್ಲಿ ನಿಲ್ಲಲ್ಲ. ಅಪ್ಪನ ಜೊತೆ ಕ್ಲೀನರ್ ಆಗಿದ್ದ ಒಬ್ಬರು ಹೋಗಿದ್ದು ಹಾಗೆಯೇ, ಏಪ್ರಿಲ್ ತಿಂಗಳ ಮಧ್ಯಾಹ್ನ, ತುಂಬಿದ ಗಾಡಿಯಲ್ಲಿ. ಅಪ್ಪ ಆ ವಿಷಯ ಪೂರ್ತಿ ಹೇಳಿದ್ದನ್ನು ನಾವು ಕೇಳಿಲ್ಲ. "ಮುಂದಿಂದು ಹೊಸದೇ ಇರಲಿ" ಎನ್ನುತ್ತಾರೆ, ಅಷ್ಟೇ.

ಗಾಳಿ, ಕಲ್ಲು, ಜೋಡಿ

ಎಷ್ಟೇ ಒಳ್ಳೆಯ ಟೈರು ತಂದರೂ ಅದನ್ನು ಕೊಲ್ಲುವುದು ಗಾಳಿ. ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಗಾಳಿ ಕಡಿಮೆಯಾದರೆ ಪಕ್ಕ ಮಡಚಿ ಮಡಚಿ ಬಿಸಿಯಾಗಿ ಒಳಗಿಂದಲೇ ಬೇಯುತ್ತೆ. ಹೊರಗೆ ಏನೂ ಕಾಣಲ್ಲ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಟೈರು ತಣ್ಣಗಿದ್ದಾಗ ಮೀಟರ್ ಇಟ್ಟು ನೋಡಬೇಕು. ಕೋಲಿನಿಂದ ಬಡಿದು ಶಬ್ದ ಕೇಳಿದರೆ ಪೂರ್ತಿ ಕೂತ ಟೈರು ಗೊತ್ತಾಗಬಹುದು, ಇಪ್ಪತ್ತು ಪೌಂಡ್ ಕಡಿಮೆಯಾದದ್ದು ಗೊತ್ತಾಗಲ್ಲ. ಓಡಿ ಬಂದ ಬಿಸಿ ಟೈರಿನಲ್ಲಿ ಒತ್ತಡ ಏರಿರುವುದು ಸಹಜ. ಆಗ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆ ಬೀಳುತ್ತೆ.

ಜೋಡಿ ಟೈರಿನಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ಎತ್ತರದ್ದು ಭಾರವನ್ನೆಲ್ಲ ಹೊತ್ತುಕೊಳ್ಳುತ್ತೆ, ಕುಳ್ಳನೆಯದು ರಸ್ತೆಗೆ ಉಜ್ಜಿಕೊಂಡು ಹೋಗುತ್ತೆ. ಎರಡೂ ಬೇಗ ಹಾಳು. ಅದಕ್ಕೆ ನಾಲ್ಕು ಹೊಸ ಟೈರನ್ನು ಒಂದೇ ಆಕ್ಸಲ್‌ಗೆ ಹಾಕಿ, ಹಳೆಯವನ್ನು ಅಳತೆ ನೋಡಿ ಇನ್ನೊಂದಕ್ಕೆ ಜೋಡಿ ಮಾಡಿದೆವು. ಜೋಡಿಯ ನಡುವೆ ಸಿಕ್ಕಿಕೊಂಡ ಕಲ್ಲನ್ನು ಕ್ರಷರ್ ಗೇಟಿನಲ್ಲೇ ತೆಗೆಯಬೇಕು. ಹೈವೇಯಲ್ಲಿ ಅದು ಹಾರಿದರೆ ಹಿಂದಿನ ಬೈಕಿನವರ ತಲೆಗೆ.

ಅಂಗಡಿಯಲ್ಲಿ

ಅಂಗಡಿಯವರು ಮೊದಲು ಅಣ್ಣನ ಮುಖ ನೋಡಿಯೇ ಮಾತಾಡುತ್ತಿದ್ದರು. ನಾವು ಟೈರಿನ ಪಕ್ಕದ ನಾಲ್ಕು ಅಂಕಿ ತೋರಿಸಿ, "ಇದು ತುಂಬಾ ಹಳೇ ಸ್ಟಾಕ್ ಅಲ್ವಾ ಸರ್?" ಅಂದ ಮೇಲೆ ನಮ್ಮ ಕಡೆ ತಿರುಗಿದರು. ಆ ಅಂಕಿ ತಯಾರಾದ ವಾರ ಮತ್ತು ವರ್ಷ. 2324 ಅಂದರೆ 2024ರ 23ನೇ ವಾರ. ರಬ್ಬರ್ ಗೋಡೌನಿನಲ್ಲಿ ಮಲಗಿದ್ದರೂ ಮುದಿಯಾಗುತ್ತೆ. ರಿಯಾಯಿತಿ ಜಾಸ್ತಿ ಇದ್ದರೆ ಮೊದಲು ಈ ಅಂಕಿ ನೋಡಿ.

ಐಎಸ್‌ಐ ಗುರುತು ನೋಡಿ. ಲಾರಿ ಟೈರಿಗೆ ಅದರ ಜೊತೆ ಐಎಸ್ 15636 ಎಂದಿರುತ್ತೆ. ಬಿಲ್ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಬಿಲ್ಲಿನಲ್ಲಿ ಅದು ಕಾಣಬೇಕು. ಬಿಲ್ ಇಲ್ಲದಿದ್ದರೆ ಟೈರು ಉಬ್ಬಿಕೊಂಡಾಗ ವಾರಂಟಿ ಕೇಳಲು ಬಾಯಿಲ್ಲ. ಬಿಲ್ಲಿನ ಮೇಲೆ ಟೈರಿನ ನಂಬರ್ ಬರೆಸಿಕೊಳ್ಳಿ.

ನಾವು ತಂದದ್ದು: ಮುಂದಕ್ಕೆ, ಆರ್‌ಸಿಯ ಭಾರಕ್ಕೆ ಸರಿಹೊಂದುವ ಗುರುತಿನ ಎರಡು ರಿಬ್ ರೇಡಿಯಲ್. ಹಿಂದಕ್ಕೆ, ಮಧ್ಯಮ ಹಲ್ಲಿನ ನಾಲ್ಕು ರೇಡಿಯಲ್. ಕೊಬ್ಬರಿ ಹಣ ಸಾಲಲಿಲ್ಲ. ಉಳಿದದ್ದನ್ನು ಅಮ್ಮ ಸಂಘದಲ್ಲಿ ಸಾಲ ಎತ್ತಿದರು. ಮೋಟಾರು ಮುಂದಿನ ಕೊಯ್ಲಿಗೆ ಹೋಯಿತು.

ಉಳಿದ ಐದು ಟನ್

ಕಂಟ್ರಾಕ್ಟರ್ ಮಾತಿಗೆ ಉತ್ತರ ಹೇಳುವುದು ಬಾಕಿ ಇತ್ತು. ತಿಂಗಳಿಗೆ 25 ಟ್ರಿಪ್, ಟ್ರಿಪ್ಪಿಗೆ 800, ಒಟ್ಟು 20,000. ನಮ್ಮಂಥ ಮನೆಗೆ ಇದು ಸಣ್ಣ ದುಡ್ಡಲ್ಲ. ಸಂಘದ ಸಾಲ ಆರೇಳು ತಿಂಗಳಲ್ಲಿ ತೀರುತ್ತಿತ್ತು, ಮೋಟಾರೂ ಬರುತ್ತಿತ್ತು. ಅತಿಭಾರ ಹಾಕುವ ಲಾರಿಯವರನ್ನು ದುರಾಸೆಯವರು ಅಂತ ಬೈಯುವವರು ಈ ಲೆಕ್ಕವನ್ನೂ ಒಮ್ಮೆ ನೋಡಬೇಕು.

ಇನ್ನೊಂದು ಕಡೆಯ ಲೆಕ್ಕವೂ ಬರೆದೆವು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅತಿಭಾರಕ್ಕೆ 20,000 ದಂಡ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಐದು ಟನ್ನಿಗೆ 30,000. ಹೆಚ್ಚಿನ ಮಾಲು ಇಳಿಸುವವರೆಗೆ ಗಾಡಿ ಬಿಡಲ್ಲ, ಇಳಿಸುವ ಖರ್ಚೂ ನಮ್ಮದೇ. ಟೈರು ಬೇಗ ಹೋಗುತ್ತೆ, ಪಟ್ಟಾ ಮುರಿಯುತ್ತೆ. ಇಷ್ಟೆಲ್ಲ ಬರೆದ ಮೇಲೂ, ವರ್ಷಕ್ಕೆ ಒಂದೆರಡು ಸಲ ಸಿಕ್ಕಿಬಿದ್ದರೂ ಹೆಚ್ಚು ಹಾಕಿದವರಿಗೇ ಲಾಭ ಕಾಣಿಸುತ್ತಿತ್ತು. ದುಡ್ಡಿನ ಲೆಕ್ಕದಲ್ಲಿ ಉತ್ತರ ಸಿಗಲಿಲ್ಲ.

ಅಮ್ಮ ಪುಸ್ತಕ ಮುಚ್ಚಿ ಅಣ್ಣನನ್ನು ಕೇಳಿದರು: "ನೀನು ಕೂರೋದು ಯಾವ ಟೈರಿನ ಮೇಲಪ್ಪಾ?"

"ಮುಂದಿಂದ್ರ ಮೇಲೆ ಅಮ್ಮಾ."

"ಹಂಗಾದ್ರೆ ಬೇಡ."

ಅಣ್ಣ ಮಾರನೇ ದಿನ ಕಂಟ್ರಾಕ್ಟರಿಗೆ ಫೋನ್ ಮಾಡಿ, "ಆರ್‌ಸೀಲಿ ಎಷ್ಟಿದೆಯೋ ಅಷ್ಟೇ ತರ್ತೀನಿ ಸರ್" ಅಂದ. ಅವರು ಬೈಯಲಿಲ್ಲ. ವಾರಕ್ಕೆ ಆರಿದ್ದ ಟ್ರಿಪ್ ನಾಲ್ಕು ಮಾಡಿದರು, ಆ ಎರಡನ್ನು ಬೇರೆ ಗಾಡಿಗೆ ಕೊಟ್ಟರು. ಅದನ್ನು ತುಂಬಲು ಅಣ್ಣ ಈಗ ಹತ್ತಿರದ ಊರುಗಳಲ್ಲಿ ಮನೆ ಕಟ್ಟುವವರಿಗೆ ನೇರವಾಗಿ ಜಲ್ಲಿ ಹಾಕುತ್ತಾನೆ. ದೂರ ಕಡಿಮೆ, ಬಾಡಿಗೆಯೂ ಕಡಿಮೆ. ಹೋದ ತಿಂಗಳು ಕಂತಿಗೆ ಮೂರು ಸಾವಿರ ಕೈಯಿಂದ ಸೇರಿಸಬೇಕಾಯಿತು. ಈ ತಿಂಗಳು ಸರಿಹೋಗಬಹುದು.

ನಮ್ಮ ಗಾಡಿ ಒಂದೇ ಬೇಡ ಅಂದರೆ ಆ ಟ್ರಿಪ್ ಪಕ್ಕದ ಊರಿನ ಗಾಡಿಗೆ ಹೋಗುತ್ತೆ, ಆ ಭಾರ ಅವರ ಮನೆಯ ಹುಡುಗನ ಮುಂದಿನ ಟೈರಿನ ಮೇಲೆ ಕೂರುತ್ತೆ. ಇದನ್ನು ಒಂದು ಮನೆ ತೀರ್ಮಾನ ಮಾಡಿದರೆ ಸಾಲದು. ಅದಕ್ಕೇ ನಮ್ಮ ಕ್ರಷರ್ ದಾರಿಯ ಹನ್ನೊಂದು ಟಿಪ್ಪರ್ ಮನೆಯವರನ್ನು ಭಾಯ್ ಅಂಗಡಿಯ ಮುಂದೆ ಸೇರಿಸಿ ಮಾತಾಡಬೇಕು ಅಂತ ಅಣ್ಣ ಓಡಾಡುತ್ತಿದ್ದಾನೆ. ಇಲ್ಲಿಯವರೆಗೆ ನಾಲ್ಕು ಮನೆಯವರು ಬರುತ್ತೇವೆ ಅಂದಿದ್ದಾರೆ. ಅಮ್ಮ ಪುಸ್ತಕ ತರುತ್ತಾರೆ.